ಅವ್ವ ಅಂದದ್ದು, ನಾನು ಹೇಳಿದ್ದು

ನಾನು ಪಶ್ಚಾತ್ತಾಪಪಟ್ಟ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತ ಹೋದವರಿಗೆ ಹಾಗೆ ಅನ್ನಿಸದಿರಬಹುದು. ನಮ್ಮ ಕ್ರೈಸ್ತ ಸಭೆಯ ಹಿರಿಯರು ಯಾವ ತಪ್ಪಿಗಾಗಿ ನನ್ನಿಂದ ಪಶ್ಚಾತ್ತಾಪ ಕೇಳಿದರೋ ಆ ತಪ್ಪಿಗೆ ನಾನು ಅಂದೂ ತಲೆ ಬಾಗಿಸಲಿಲ್ಲ, ಇಂದೂ ಬಾಗಿಸುವುದಿಲ್ಲ. ನನ್ನ ತಪ್ಪು ಬೇರೆಯದು. ಅದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಜಗಳ ದೇವರ ಕೃಪೆಯ ಕುರಿತಾಗಿತ್ತು. ಲೋಕ ಹುಟ್ಟುವ ಮೊದಲೇ ದೇವರು ಕೆಲವರನ್ನು ತನ್ನವರೆಂದು ಆರಿಸಿಟ್ಟಿದ್ದಾನೆಯೇ, ಇಲ್ಲವೆ ಎಲ್ಲರನ್ನೂ ಕರೆದು, ಬಂದವರನ್ನು ಒಳಗೆ ಬಿಟ್ಟುಕೊಳ್ಳುತ್ತಾನೆಯೇ? ಕಲಿತವರು ಈ ಪ್ರಶ್ನೆಯ ಮೇಲೆ ನೂರಾರು ವರ್ಷ ಬಡಿದಾಡಿದ್ದಾರಂತೆ. ನಮ್ಮಲ್ಲಿ ಅದು ಅಕ್ಕಲಕೋಟೆಯ ತಗಡಿನ ಚಾವಣಿಯ ಪ್ರಾರ್ಥನಾ ಮನೆಯಲ್ಲಿ, ಐವತ್ತೇಳರ ಬೇಸಿಗೆಯಲ್ಲಿ, ನನ್ನ ಅವ್ವನ ಮುಂದೆ ಬಂದು ನಿಂತಿತು. ಉತ್ತರ ಕೊಟ್ಟವಳು ಅವ್ವ. ಅದನ್ನು ತಿರುಚಿದವನು ನಾನು.

ನಾವು ಮೈಂದರ್ಗಿಯವರು. ಅಪ್ಪ ನಮ್ಮಿಬ್ಬರು ಗಂಡುಮಕ್ಕಳನ್ನೂ ಅವ್ವನನ್ನೂ ಕರೆದುಕೊಂಡು ಹೋಗಿ ಒಂದೇ ದಿನ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದವನು. ಊರಿನ ಬಾವಿ ಮುಟ್ಟಲು ಬಿಡದವರ ನಡುವೆ, ಕೈ ಹಿಡಿದು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದ ದೇವರು ಅವನಿಗೆ ಸಾಕಾಗಿದ್ದ. ನಾನು ಸಾಲೆಯಲ್ಲಿರುವಾಗಲೇ ಅಪ್ಪ ತೀರಿಕೊಂಡ. ಅಣ್ಣ ಸೊಲ್ಲಾಪುರದ ಗಿರಣಿ ಸೇರಿದ. ನನ್ನನ್ನು ಅದೇ ಊರಿನ ಬೋರ್ಡಿಂಗಿಗೆ ಹಾಕಿದರು. ಮ್ಯಾಟ್ರಿಕ್ ಮುಗಿಸುವ ಹೊತ್ತಿಗೆ ಓದುವುದು ಬರೆಯುವುದೆಲ್ಲ ಮರಾಠಿಯಲ್ಲಿ, ಅಳುವುದು ಬೈಯುವುದು ಕನ್ನಡದಲ್ಲಿ ಆಗಿತ್ತು. ಆಮೇಲೆ ರಾಜ್ಯಗಳ ಗಡಿ ಎಳೆದರು. ನಾವು ಈಚೆ, ಮರಾಠಿಯವರ ಕಡೆ ಉಳಿದೆವು. ಗೆರೆ ಎಳೆಯುವಾಗ ನಮ್ಮ ಓಣಿಗೆ ಬಂದು ಯಾರೂ ಏನೂ ಕೇಳಿರಲಿಲ್ಲ.

ಈ ಎರಡು ಭಾಷೆಯೇ ನನ್ನ ಬಂಡವಾಳವಾಯಿತು. ಸೊಲ್ಲಾಪುರದ ಸಭೆಗೆ ಪುಣೆಯ ಕಡೆಯಿಂದ ಹೊಸ ಪಾಳಕರು ಬಂದರು. ಪಾದ್ರಿಗಳನ್ನು ನಮ್ಮ ಕಡೆ ಪಾಳಕರು ಅನ್ನುವುದು ರೂಢಿ. ಅವರಿಗೆ ಕನ್ನಡದಲ್ಲಿ ‘ಬರ್ರಿ’, ‘ಸಾಕು’ ಎರಡೇ ಮಾತು ಬರುತ್ತಿದ್ದವು. ಅಕ್ಕಲಕೋಟೆ, ಮೈಂದರ್ಗಿ, ನಾಗಣಸೂರದ ವಿಶ್ವಾಸಿಗಳಲ್ಲಿ ಹೆಂಗಸರಿಗೂ ಮುದುಕರಿಗೂ ಸಂತೆಯಲ್ಲಿ ವ್ಯವಹರಿಸುವಷ್ಟು ಮರಾಠಿ ಮಾತ್ರ ಬರುತ್ತಿತ್ತು. ಹಾಗಾಗಿ ಪಾಳಕರು ಮರಾಠಿಯಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸುವರು. ನಾನು ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳುವೆ. ಅವರು ಕೈ ಎತ್ತಿದರೆ ನನ್ನ ಕೈಯೂ ಏಳುತ್ತಿತ್ತು. ಬಹಳ ಜನ ನನ್ನ ದನಿಯೇ ಚೆನ್ನಾಗಿದೆ ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಪಾಳಕರು ನಂಬಿದ್ದು ಗಟ್ಟಿಯಾದ ಮತ. ಮನುಷ್ಯ ದೇವರನ್ನು ಹುಡುಕುವುದಿಲ್ಲ, ದೇವರೇ ಮನುಷ್ಯನನ್ನು ಆರಿಸುತ್ತಾನೆ. ಆ ಆಯ್ಕೆಗೆ ಮನುಷ್ಯನ ಒಳ್ಳೆಯತನ ಕಾರಣವಲ್ಲ. ಆರಿಸಲ್ಪಟ್ಟವನು ಕೈ ತಪ್ಪಿ ಬೀಳುವುದಿಲ್ಲ. ಮರಾಠಿಯಲ್ಲಿ ಅವರು ‘ನಿವಡಣೆ’ ಅನ್ನುತ್ತಿದ್ದರು; ಇಲೆಕ್ಷನ್ನಿಗೂ ಅಲ್ಲಿ ಅದೇ ಬೇರಿನ ಮಾತು. ನಾನು ಅದನ್ನು ಕನ್ನಡಕ್ಕೆ ‘ಆರಿಸು’ ಎಂದು ತಂದೆ. ನಮ್ಮ ಅಚ್ಚಾದ ಕನ್ನಡ ಸತ್ಯವೇದದಲ್ಲೂ ಅದೇ ಮಾತಿದೆ. ತಪ್ಪೇನಿಲ್ಲ. ಆದರೆ ನಮ್ಮ ಅಡುಗೆಮನೆಗಳಲ್ಲಿ ಆ ಮಾತು ಬೇರೆ ಕೆಲಸಕ್ಕೂ ಬೀಳುತ್ತದೆ. ಒಮ್ಮೆ ನಾಗಣಸೂರದಲ್ಲಿ ಬೋಧನೆ ಮುಗಿದ ಮೇಲೆ ಒಬ್ಬ ಮುದುಕಿ ನನ್ನ ಅಂಗಿ ಹಿಡಿದು ಕೇಳಿದಳು:

“ಯಪ್ಪಾ, ದೇವ್ರು ಆರಿಸ್ಯಾನ ಆರಿಸ್ಯಾನ ಅಂದಿ. ಯಾರ ಮನಿ ದೀಪಾ ಆರಿಸ್ಯಾನೋ?”

ನಾನು ನಕ್ಕುಬಿಟ್ಟೆ. ಬಸ್ಸಿನಲ್ಲಿ ಪಾಳಕರಿಗೆ ಬಿಡಿಸಿ ಹೇಳಿದಾಗ ಅವರೂ ನಕ್ಕರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, “ಬೇರೆ ಮಾತು ಸಿಗುವುದಿಲ್ಲವೇ?” ಎಂದರು. “ಇದೇ ಸರಿಯಾದ ಮಾತು ಸಾಹೇಬ್” ಎಂದೆ. ಅಂದು ನನಗೆ ಗೊತ್ತಿಲ್ಲದ ಮಾತೇ ಇರಲಿಲ್ಲ.

ಐವತ್ತಾರರ ಕೊನೆಗೆ ನಮ್ಮ ಓಣಿಯ ಮುಕ್ಕಾಲು ಮಂದಿ ಬುದ್ಧನ ಕಡೆ ಹೋದರು. ಸೊಲ್ಲಾಪುರದಲ್ಲಿ ಅಣ್ಣನೂ ಹೋದ. ಬಿಳಿ ಅಂಗಿ ತೊಟ್ಟು ಊರಿಗೆ ಬಂದು ಅವ್ವನಿಗೆ ತಾನೇ ಹೇಳಿದ, ಮುಚ್ಚಿಡಲಿಲ್ಲ. ಅವ್ವ, “ಉಂಡ್ ಬಂದಿಯೇನು?” ಎಂದು ಕೇಳಿದಳಂತೆ, ಅಷ್ಟೇ. ಆದರೆ ಸಭೆಗೆ ಇದು ದೊಡ್ಡ ಪ್ರಶ್ನೆಯಾಯಿತು. ದೀಕ್ಷಾಸ್ನಾನವಾದವನು ಬಿಟ್ಟು ಹೋದರೆ ಅವನ ರಕ್ಷಣೆ, ಅಂದರೆ ಆತ್ಮದ ಬಿಡುಗಡೆ, ಏನಾಯಿತು? ಪಾಳಕರ ಮತದಲ್ಲಿ ಇದಕ್ಕೆ ಒಂದೇ ಉತ್ತರ: ಅವನು ಮೊದಲಿನಿಂದಲೂ ಆರಿಸಿದವರಲ್ಲಿ ಇರಲಿಲ್ಲ. ಈ ಉತ್ತರವನ್ನು ಅವರು ಮೈಂದರ್ಗಿಯಲ್ಲಿ, ನಮ್ಮದೇ ಓಣಿಯಲ್ಲಿ, ಅವ್ವ ಮುಂದಿನ ಚಾಪೆಯ ಮೇಲೆ ಕೂತಿದ್ದಾಗ ಹೇಳಿದರು. ಯಾರ ಹೆಸರನ್ನೂ ತೆಗೆಯಲಿಲ್ಲ. ನಾನು ಪಕ್ಕದಲ್ಲಿ ನಿಂತು ಒಂದಕ್ಷರ ಬಿಡದೆ ಅದನ್ನು ಕನ್ನಡಕ್ಕೆ ತಂದೆ, ಹಿಂದೆ ಕೂತವರಿಗೂ ಕೇಳುವ ಹಾಗೆ. ನನ್ನ ಒಡಹುಟ್ಟಿದವನನ್ನು ನಾನೇ ಕನ್ನಡದಲ್ಲಿ ಹೊರಗೆ ಹಾಕಿದೆ. ಈ ಪಾಪಕ್ಕೆ ಯಾರೂ ನನ್ನನ್ನು ವಿಚಾರಣೆಗೆ ಕರೆಯಲಿಲ್ಲ. ಭಾಷಾಂತರ ಚೆನ್ನಾಗಿತ್ತೆಂದು ಬೆನ್ನು ತಟ್ಟಿದರು.

ಈಗ ಅವ್ವನ ಸಂಗತಿ. ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ಪ್ರಭು ಭೋಜನದ ರೊಟ್ಟಿ ಮಾಡುತ್ತಿದ್ದವಳು ಅವ್ವ. ಗೋಧಿ ಹಿಟ್ಟಿನ ತೆಳುವಾದ ರೊಟ್ಟಿ, ಜೊತೆಗೆ ನೆನೆಸಿದ ಒಣದ್ರಾಕ್ಷಿ ಕಿವುಚಿ ಸೋಸಿದ ರಸ. ಅಪ್ಪ ಬದುಕಿದ್ದಾಗಿನಿಂದಲೂ ಈ ಕೆಲಸ ಅವಳದು. ಆದರೆ ಆ ರೊಟ್ಟಿಯನ್ನು ಅವಳು ಒಮ್ಮೆಯೂ ತಿಂದಿರಲಿಲ್ಲ. ದೀಕ್ಷಾಸ್ನಾನವಾದ ಮಾತ್ರಕ್ಕೆ ಭೋಜನಕ್ಕೆ ಕೂರುವಂತಿಲ್ಲ. ಪಾಳಕರ ಮತ್ತು ಹಿರಿಯರ ಮುಂದೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ವಿಶ್ವಾಸದ ಅರಿಕೆ ಮಾಡಬೇಕು. ಹಿಂದಿನ ಪಾಳಕರು ಕೇಳಿದಾಗಲೆಲ್ಲ “ಇನ್ನೊಮ್ಮಿ ನೋಡೂಣ್ರಿ” ಎಂದು ಜಾರಿಕೊಳ್ಳುತ್ತಿದ್ದಳು. ಅಪ್ಪ ಸತ್ತ ಮೇಲೆ ಅವಳಿಗೇ ಆಸೆ ಹುಟ್ಟಿತು. “ನಿಮ್ಮಪ್ಪ ಉಂಡ ಗಂಗಾಳದಾಗ ನಾನೂ ಒಮ್ಮಿ ಉಣಬೇಕು” ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಳು. ಆ ಬೇಸಿಗೆಯಲ್ಲಿ ಅವಳ ಎದೆಯ ನೋವು ಹೆಚ್ಚಾಗಿತ್ತು. ಹಾಗಾಗಿ ಪಾಳಕರು ಕೇಳಿದಾಗ ಒಪ್ಪಿಕೊಂಡಳು.

ಶನಿವಾರ ಸಂಜೆ ಅಕ್ಕಲಕೋಟೆಯ ಪ್ರಾರ್ಥನಾ ಮನೆಯಲ್ಲಿ ವಿಚಾರಣೆ. ಪಾಳಕರು ಕುರ್ಚಿಯ ಮೇಲೆ, ಇಬ್ಬರು ಹಿರಿಯರು ಬೆಂಚಿನ ಮೇಲೆ, ಅವ್ವ ಕೆಳಗೆ ಚಾಪೆಯ ಮೇಲೆ. ಮೇಲೆ ಕೂರಿರಿ ಎಂದು ಪಾಳಕರು ಎಷ್ಟು ಹೇಳಿದರೂ ಅವಳು ಏಳಲಿಲ್ಲ. ಹಿರಿಯರಲ್ಲಿ ಒಬ್ಬರು ಸೊಲ್ಲಾಪುರದ ಮರಾಠಿಯವರು. ಇನ್ನೊಬ್ಬರು ಅಕ್ಕಲಕೋಟೆಯಲ್ಲೇ ಹೊಲಿಗೆ ಅಂಗಡಿ ಇಟ್ಟ ಕಾಕಾ. ಅವರಿಗೆ ಎರಡೂ ಭಾಷೆ ಬರುತ್ತಿದ್ದವು. ನಾನು ನಡುವೆ ನಿಂತಿದ್ದೆ.

ದೇವರು ಎಷ್ಟು ಜನ, ಯೇಸು ಯಾರಿಗಾಗಿ ಸತ್ತ, ಪಾಪ ಎಂದರೇನು ಎಂಬುದಕ್ಕೆಲ್ಲ ಅವ್ವ ತನ್ನ ರೀತಿಯಲ್ಲಿ ಸರಿಯಾಗಿಯೇ ಉತ್ತರಿಸಿದಳು. ಕೊನೆಗೆ ಪಾಳಕರು ಮರಾಠಿಯಲ್ಲಿ ಕೇಳಿದರು: “ಮಾವಶಿ, ದೇವರು ತನ್ನ ಕೃಪೆಯಿಂದ ನಿಮ್ಮನ್ನು ಆರಿಸಿಕೊಂಡಿದ್ದಾನೆ ಎಂದು ನಂಬುತ್ತೀರಾ?”

ನಾನು ಹೇಳಿದೆ: “ಅವ್ವಾ, ದೇವ್ರು ನಿನ್ನ ಆರಿಸ್ಯಾನ ಅಂತ ನಂಬತಿಯೇನು?”

“ನನ್ನ ಆರಿಸ್ಯಾನೇನು?”

“ಹೂಂ.”

“ನಿಮ್ಮಣ್ಣನ್ನ?”

“ಅವ್ರು ನಿನ್ನ ಮಾತ ಕೇಳಾಕತ್ತಾರವ್ವಾ. ಅಣ್ಣನ ಮಾತ ಈಗ್ಯಾಕ?”

“ಒಬ್ಬರ ಮಾತ ಹೆಂಗ ಆಗತೈತೋ? ಮೊರದಾಗ ಒಂದ ಕಾಳ ಹಾಕ್ಕೊಂಡು ಯಾವಾಕಿ ಆರಿಸ್ತಾಳ? ಹತ್ತ ಕಾಳ ಇದ್ರ ಆರಿಸೋದು. ಅದೂ ಆರಿಸಿ ತಗಿಯೋದು ಹಳ್ಳಾ. ಜ್ವಾಳ ತನ್ನಷ್ಟಕ್ಕ ತಾನ ಉಳಿತೈತಿ.”

ಹೊಲಿಗೆ ಕಾಕಾ ಕೆಮ್ಮುವ ನೆಪದಲ್ಲಿ ಬಾಯಿಗೆ ಟೋಪಿ ಅಡ್ಡ ಹಿಡಿದರು. ಕಾಳಿನಲ್ಲಿ ಸೇರಿದ ಕಲ್ಲಿಗೆ ನಮ್ಮ ಕಡೆ ಹಳ್ಳ ಅನ್ನುತ್ತೇವೆ. ಅವ್ವನ ಪ್ರಕಾರ ದೇವರು ಆರಿಸಿದವರೆಂದರೆ ತೆಗೆದು ಬಿಸಾಡಿದ ಕಲ್ಲುಗಳು.

“ಏನನ್ನುತ್ತಿದ್ದಾರೆ?” ಪಾಳಕರು ಕೇಳಿದರು.

“ಕಾಳು ಹಸನು ಮಾಡುವ ಉದಾಹರಣೆ ಕೊಡುತ್ತಿದ್ದಾಳೆ, ಸಾಹೇಬ್.”

“ಒಳ್ಳೆಯ ಉದಾಹರಣೆ!” ಎಂದು ಪಾಳಕರು ಸಂತೋಷಪಟ್ಟರು.

ಅವ್ವ ನಗಲಿಲ್ಲ. ಸೆರಗನ್ನು ಸರಿಮಾಡಿಕೊಂಡು, ಪಾಳಕರನ್ನು ನೋಡುತ್ತ, ಆದರೆ ನನಗೆ ಹೇಳಿದಳು: “ಅವ್ರಿಗೆ ಹೇಳು. ನಾ ಹಡದದ್ದು ಇಬ್ಬರನ್ನ. ಒಬ್ಬನ್ನ ಹೊರಗ ನಿಲ್ಲಿಸಿ ನನ್ನ ಒಳಗ ಕರಿಯೋದಾದ್ರ ನನಗ ಆ ಆರಿಸೋದು ಬ್ಯಾಡ. ದೇವ್ರನ್ನ ನಂಬತೀನಿ. ಅಂವಾ ಹಂಗ ಮಾಡ್ತಾನ ಅನ್ನೋದನ್ನ ನಂಬಂಗಿಲ್ಲ. ಇಲ್ಲ ಅಂತೀನಿ ನಾ. ಇಲ್ಲ ಅಂತ ಹೇಳು.”

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಆಗಲೇ ಪಾಳಕರ ಕಡೆ ತಿರುಗಿದ್ದೆ.

“ಹೋಯ್” ಎಂದೆ. ಹೌದು ಎಂಬುದಕ್ಕೆ ಮರಾಠಿ ಮಾತು. “ಪೂರ್ಣ ಮನಸ್ಸಿನಿಂದ ನಂಬುತ್ತೇನೆ ಅನ್ನುತ್ತಾಳೆ, ಸಾಹೇಬ್.”

ಪಾಳಕರು ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದರು. ಹೊರಗೆ ಬಂದ ಮೇಲೆ ಹೊಲಿಗೆ ಕಾಕಾ ನನ್ನ ಹೆಗಲ ಮೇಲೆ ಕೈ ಹಾಕಿದರು.

“ಛಲೋ ಮಾಡಿದಿ ತಮ್ಮಾ. ಮುದುಕಿ ಉಣ್ಣಲಿ ಬಿಡು.”

“ನೀವ ಕೇಳಿದ್ರಲ್ಲಾ ಕಾಕಾ?”

“ಕೇಳಿದೆ. ದೇವ್ರಿಗೆ ಎರಡೂ ಭಾಷಾ ಬರ್ತಾವ. ಅಂವಾ ಸರಿ ಮಾಡ್ಕೊಂತಾನ.”

ಆಮೇಲೆ ಎಷ್ಟೋ ವರ್ಷ ಇದನ್ನು ಅವ್ವನ ಮೇಲಿನ ಪ್ರೀತಿಗೆ ಮಾಡಿದೆ ಎಂದು ಹೇಳಿಕೊಂಡು ತಿರುಗಿದೆ. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಊರೂರಿಗೆ ಹೋಗಿ ಬೋಧಿಸುವ ಸುವಾರ್ತಿಕರ ತರಬೇತಿಗೆ ನನ್ನನ್ನು ಕಳಿಸಲು ಪಾಳಕರು ಆಗಲೇ ಮಾತು ಕೊಟ್ಟಿದ್ದರು. ಅಣ್ಣ ಬಿಟ್ಟು ಹೋದ ಮನೆ. ತಾಯಿಯೂ ಭೋಜನದ ಹೊರಗಿದ್ದರೆ ಹಿರಿಯರು ನನ್ನ ಮೇಲೆ ಕೈ ಇಟ್ಟು ಸೇವೆಗೆ ನೇಮಿಸುವುದು ಕಷ್ಟವೆಂದು ನನಗೆ ಗೊತ್ತಿತ್ತು. ಅವ್ವನ ‘ಇಲ್ಲ’ ನನ್ನ ದಾರಿಗೆ ಅಡ್ಡ ಬಂದಿತ್ತು. ತಳ್ಳಿದೆ.

ಪ್ರಾರ್ಥನಾ ಮನೆಯ ಹಿಂದೆ ಒಂದು ಕೋಣೆ, ಒಂದು ಒಲೆ. ಅಂದು ಅಲ್ಲೇ ಉಳಿದೆವು, ಬೆಳಗಿನ ಭೋಜನಕ್ಕೆ ರೊಟ್ಟಿ ಆಗಬೇಕಲ್ಲ. ಹೊತ್ತು ಮುಳುಗುತ್ತಿದ್ದ ಹಾಗೆ ಅಣ್ಣ ಸೊಲ್ಲಾಪುರದ ಬಸ್ಸಿಳಿದು ಬಂದ, ಕೈಯಲ್ಲಿ ಒಣದ್ರಾಕ್ಷಿಯ ಪುಡಿಕೆ. ಅಪ್ಪ ಹೋದ ಮೇಲೆ ಭೋಜನದ ದ್ರಾಕ್ಷಿ ತರುವವನು ಅವನೇ. ಸಭೆ ಬಿಟ್ಟ ಮೇಲೂ ಅದನ್ನು ಬಿಟ್ಟಿರಲಿಲ್ಲ. ಪಾಳಕರಿಗೆ ಇದು ಗೊತ್ತಿರಲಿಲ್ಲ.

“ಏನ್ರೀ ಆರಿಸಿದ ಸಾಹೇಬ್ರ, ನಮ್ಮಂಥ ಮೊರದಾಗ ಉಳಿದ ಜ್ವಾಳದ ಕೈಲೆ ಚಾ ಕುಡಿತೀರೋ ಇಲ್ಲೋ?” ಎಂದ ನನಗೆ. ಅವ್ವ ಅವನಿಗೆ ಸಂಜೆಯದನ್ನೆಲ್ಲ ಆಗಲೇ ಹೇಳಿಬಿಟ್ಟಿದ್ದಳು.

“ಚೇಷ್ಟಿ ಬ್ಯಾಡಣ್ಣ.”

“ಚೇಷ್ಟಿ ಅಲ್ಲಪಾ. ಮೊನ್ನಿ ಇಲೆಕ್ಷನ್ನಾಗ ನಾ ಸಾಲಿಗೆ ನಿಂತು ಚೀಟಿ ಹಾಕಿ ಬಂದೀನಿ. ಸಾಹುಕಾರಗೂ ಒಂದ ಚೀಟಿ, ನನಗೂ ಒಂದ ಚೀಟಿ. ನಿಮ್ಮ ಇಲೆಕ್ಷನ್ನಾಗ ಚೀಟೀನೂ ದೇವ್ರದ, ಪೆಟ್ಟಿಗೀನೂ ಅವಂದ, ಎಣಸೋನೂ ಅಂವನ.”

“ನೀ ಬಿಟ್ಟ್ ಹೋದಂವಾ. ನಿನಗ್ಯಾಕ ಈ ಮಾತ?”

“ನಾ ಬಿಟ್ಟ್ ಹ್ವಾದೆ, ಖರೆ. ಆದ್ರ ಮೊದಲಿಂದ್ಲೂ ನಾ ಇರಲೇ ಇಲ್ಲ ಅಂದವ್ರು ಯಾರೋ? ಅಪ್ಪನ ಹೆಣಾ ಹೊತ್ತಾಗ ನಾ ಹಾಡಿದ್ದು ಸುಳ್ಳೇನು? ಹೋದೆ ಅನ್ನು, ಸಿಟ್ಟ ಮಾಡು, ಬೈಯಿ. ಇರಲೇ ಇಲ್ಲ ಅನಬ್ಯಾಡ.”

ಅವ್ವ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

“ತಮ್ಮಾ, ನಾ ಅಂದದ್ದು ಪಾಳಕ್ರಿಗೆ ಹೇಳಿದಿಲ್ಲ?”

“ಹೇಳೀನವ್ವಾ.”

“ನಾ ಸೊಲ್ಲಾಪುರ ಬಾಜಾರದಾಗ ಕಾಯಿಪಲ್ಯಾ ಮಾರಿದಾಕಿ. ಹೋಯ್ ಅಂದ್ರ ಏನಂತ ನನಗ ತಿಳಿತೈತಿ.”

ಅಣ್ಣ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ನೋಡಿದೆ.

“ನಾಳೆ ಭೋಜನದ ಮೊದಲ ಅವ್ರಿಗೆ ಸರೀಗೆ ಹೇಳು” ಎಂದಳು ಅವ್ವ. “ರೊಟ್ಟಿ ಕೊಡಂಗಿಲ್ಲ ಅಂದ್ರೂ ನಡಿತೈತಿ. ನನ್ನ ಬಾಯಿಲೆ ಸುಳ್ಳ ಆಡಿಸಿ ನನಗ ಉಣಸಬ್ಯಾಡ.”

“ನಿನಗ ಇದೆಲ್ಲಾ ತಿಳಿಯಂಗಿಲ್ಲವ್ವಾ. ಕೊಟ್ಟದ್ದು ಸುಮ್ಮನ ತಿನ್ನು.”

ಹಾಗೆಂದೆ. ಅಣ್ಣ ಚಹಾದ ಬಟ್ಟಲು ಕೆಳಗಿಟ್ಟು, ಅವ್ವನ ಕಾಲು ಮುಟ್ಟಿ, ನನ್ನೊಡನೆ ಮಾತಾಡದೆ ಬಸ್ಸಿಗೆ ಹೋದ. ಈಗಲೂ ಯಾವುದಾದರೂ ಮಾತನ್ನು ವಾಪಸು ತೆಗೆದುಕೊಳ್ಳಲು ಬಿಟ್ಟರೆ ನಾನು ಆ ‘ಹೋಯ್’ ಅನ್ನು ತೆಗೆದುಕೊಳ್ಳುವುದಿಲ್ಲ, ‘ನಿನಗೆ ತಿಳಿಯಂಗಿಲ್ಲ’ ಎಂಬುದನ್ನು ತೆಗೆದುಕೊಳ್ಳುತ್ತೇನೆ.

ಮರುದಿನ ಪ್ರಾರ್ಥನಾ ಮನೆ ತುಂಬಿತ್ತು. ಪಾಳಕರು ತಾವೇ ತಟ್ಟೆ ಹಿಡಿದು ಸಾಲುಸಾಲಾಗಿ ಬಂದರು. ಅವ್ವನ ಮುಂದೆ ಬಂದಾಗ ಸ್ವಲ್ಪ ಹೆಚ್ಚು ಬಾಗಿದರು. ಅವಳು ರೊಟ್ಟಿಯ ತುಂಡು ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವಳು ಆ ತುಂಡನ್ನು ತಿರುಗಿ ತಟ್ಟೆಗೆ ಇಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. ತಾನು ಸುಟ್ಟ ರೊಟ್ಟಿ ಅದು. ಆಮೇಲೆ ತನ್ನ ಸಂತೆಯ ಮರಾಠಿಯಲ್ಲಿ ಪಾಳಕರಿಗೆ ನೇರವಾಗಿ ಹೇಳಿದಳು:

“ಮೀ ನಾಯ್ ಮ್ಹಟಲಂ ಹೋತಂ, ಸಾಹೇಬ್. ಹ್ಯಾನಂ ಹೋಯ್ ಮ್ಹಟಲಂ.”

ನಾನು ಇಲ್ಲ ಅಂದಿದ್ದೆ, ಇವನು ಹೌದು ಅಂದ. ಇದನ್ನು ಭಾಷಾಂತರಿಸುವ ಕೆಲಸ ನನಗೆ ಬೀಳಲಿಲ್ಲ. ಅಷ್ಟು ಮರಾಠಿ ಎಲ್ಲರಿಗೂ ಬರುತ್ತಿತ್ತು.

ಆರಾಧನೆ ಮುಗಿದ ಮೇಲೆ ಪಾಳಕರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅವರ ಕಣ್ಣು ಕೆಂಪಾಗಿದ್ದವು.

“ತಾಯಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೀಯ” ಎಂದರು. “ನನ್ನ ಮಗಳನ್ನು ನೀನು ನೋಡಿದ್ದೀಯಲ್ಲ?”

ನೋಡಿದ್ದೆ. ದೊಡ್ಡ ಹುಡುಗಿ, ಬುದ್ಧಿ ಬೆಳೆದಿರಲಿಲ್ಲ, ಮಾತೂ ಇರಲಿಲ್ಲ. ಪಾಳಕರ ಹೆಂಡತಿ ಕೈ ತುತ್ತು ಹಾಕಿ ಉಣಿಸುತ್ತಿದ್ದರು.

“ಅವಳು ಹೌದು ಅನ್ನಲಾರಳು, ಇಲ್ಲ ಅನ್ನಲಾರಳು. ಕರೆದರೆ ಬರಲಾರಳು. ರಕ್ಷಣೆ ಅನ್ನುವುದು ಮನುಷ್ಯನ ಒಪ್ಪಿಗೆಯ ಮೇಲೆ ನಿಂತಿದ್ದರೆ ಅವಳಿಗೆ ಎಲ್ಲಿದೆ ಜಾಗ? ಎಲ್ಲರನ್ನೂ ಕರೆಯುತ್ತಾನೆ, ಬಂದವರಿಗೆ ಕೊಡುತ್ತಾನೆ ಎಂದು ಬೇರೆಯವರು ಸಿಹಿಯಾಗಿ ಬೋಧಿಸುತ್ತಾರೆ. ಬರಲಾರದವರ ಗತಿ ಏನೆಂದು ಅವರು ಹೇಳುವುದಿಲ್ಲ. ದೇವರು ಮೊದಲೇ ಆರಿಸಿಟ್ಟಿದ್ದಾನೆ ಎಂಬ ಒಂದೇ ಮಾತನ್ನು ಹಿಡಿದು ನಾನು ದಿನಾ ಬೆಳಿಗ್ಗೆ ಏಳುತ್ತೇನೆ. ನಿನಗೆ ಅದು ಕಟು ಅನ್ನಿಸುತ್ತದೆ.”

ಆ ಮಾತನ್ನು ನಾನು ಮರೆತಿಲ್ಲ. ಅವರ ಮತವನ್ನು ನಿರ್ದಯಿಗಳ ಮತ ಎಂದು ಹಳಿಯುವವರಿಗೆ ನಾನು ಈ ಮರದ ಕೆಳಗಿನ ಮಾತನ್ನು ಹೇಳುತ್ತೇನೆ. ಆದರೆ ಅಂದು ನನ್ನ ಮೈಯೆಲ್ಲ ನಾಚಿಕೆಯಿಂದ ಉರಿಯುತ್ತಿತ್ತು. ಆ ಉರಿಯಲ್ಲೇ ಒಂದು ಪ್ರಶ್ನೆ ಬಾಯಿಗೆ ಬಂತು.

“ಸಾಹೇಬ್, ನಿಮ್ಮ ಮಗಳು ಹೌದು ಅನ್ನದಿದ್ದರೂ ದೇವರು ಆರಿಸಿರಬಹುದು ಎಂದಾದರೆ, ನನ್ನ ಅವ್ವ ಇಲ್ಲ ಅಂದರೂ ಆರಿಸಿರಬಹುದಲ್ಲ? ನಮ್ಮ ಮಾತು ಅವನ ಕೈಯನ್ನು ಕಟ್ಟುವುದಿಲ್ಲವೆಂದರೆ, ರೊಟ್ಟಿ ಕೊಡಲು ನಿಮಗೆ ಅವಳ ಮಾತು ಯಾಕೆ ಬೇಕು?”

“ದೇವರಿಗೆ ಬೇಕಿಲ್ಲ” ಎಂದರು ಅವರು. “ಸಭೆಗೆ ಬೇಕು. ನಮಗೆ ಹೃದಯ ಕಾಣುವುದಿಲ್ಲ.”

“ನಿಮಗೆ ಕಾಣದ್ದಕ್ಕೆ ಅವಳು ಯಾಕೆ ಉಪವಾಸವಿರಬೇಕು?”

“ಸಾಕು” ಎಂದರು. ಕನ್ನಡದಲ್ಲೇ ಅಂದರು.

ಹಿರಿಯರ ತೀರ್ಮಾನವನ್ನು ಹೊಲಿಗೆ ಕಾಕಾ ಬಂದು ಹೇಳಿದರು. ಅವ್ವ ಹೌದು ಅನ್ನುವ ತನಕ ಭೋಜನವಿಲ್ಲ. ಇನ್ನು ಮೇಲೆ ರೊಟ್ಟಿಯನ್ನೂ ಬೇರೆಯವರು ಮಾಡುವರು. ನಾನು ಮುಂದಿನ ಭೋಜನದ ದಿನ ಎಲ್ಲರ ಎದುರು ನಿಂತು, ಅಯೋಗ್ಯಳಾದ ಹೆಂಗಸನ್ನು ಸುಳ್ಳು ಹೇಳಿ ಪ್ರಭುವಿನ ಮೇಜಿಗೆ ತಂದೆ, ಕ್ಷಮಿಸಿರಿ ಎಂದು ಹೇಳಬೇಕು. ಹೇಳಿದರೆ ತರಬೇತಿಗೆ ಹೋಗಬಹುದು.

“ಅಯೋಗ್ಯಳು ಅಂತ ಯಾರಿಗೆ ಅಂತಾರ ಕಾಕಾ?”

“ಮಾತಿಗೆ ಅಂತಾರಪಾ. ಒಂದ ಗಳಿಗಿ ನಿಂತು ಅಂದ್ ಬಿಡು. ನಿಮ್ಮವ್ವಗ ಕೇಳಸಂಗಿಲ್ಲ ಅನಕೋ.”

“ಕೇಳಿಸ್ತೈತಿ ಕಾಕಾ. ಕನ್ನಡದಾಗ ಹೇಳಾಂವಾ ನಾನ ಅಲ್ಲೇನು?”

ರೊಟ್ಟಿಯ ಕೆಲಸ ಕಸಿದದ್ದನ್ನು ಅವ್ವನಿಗೆ ಹೇಳಿದಾಗ ಅವಳು ಮೊದಲ ಸಲ ಅತ್ತಳು. ಆಗ ನಾನು ನಿಶ್ಚಯ ಮಾಡಿದೆ. ತರಬೇತಿಯೂ ಬೇಡ, ಏನೂ ಬೇಡ. ಆದರೆ ನಿಂತು ಪಶ್ಚಾತ್ತಾಪ ಮಾತ್ರ ಪಡುತ್ತೇನೆ, ನನ್ನ ತಪ್ಪಿಗೆ.

ಆ ಭಾನುವಾರ ಅವ್ವ ಹೆಂಗಸರ ಚಾಪೆಯ ತುದಿಯಲ್ಲಿ ಕೂತಿದ್ದಳು. ಪಾಳಕರು ನನ್ನನ್ನು ಕರೆದರು. ನಾನು ಎದ್ದು ನಿಂತು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, ನನ್ನ ಮಾತನ್ನು ನಾನೇ ಭಾಷಾಂತರಿಸುತ್ತ ಹೇಳಿದೆ: “ನಾನು ಪಾಪ ಮಾಡಿದ್ದೇನೆ. ನನ್ನ ತಾಯಿ ಇಲ್ಲ ಅಂದಳು, ನಾನು ಹೌದು ಎಂದೆ. ಅವಳ ಮಾತನ್ನು ಕದ್ದೆ. ಅವಳು ಅಯೋಗ್ಯಳು ಎಂದು ನಾನು ಹೇಳುವುದಿಲ್ಲ. ಕದ್ದದ್ದನ್ನು ತಿರುಗಿ ಕೊಡುತ್ತೇನೆ. ಅವಳು ಅಂದದ್ದು ಇದು.”

ಅವ್ವ ಅಂದದ್ದನ್ನೆಲ್ಲ ಹೇಳಿದೆ. ಇಬ್ಬರನ್ನು ಹಡೆದದ್ದು, ಒಬ್ಬನನ್ನು ಹೊರಗೆ ನಿಲ್ಲಿಸಿದರೆ ತನಗೆ ಬೇಡವೆಂದದ್ದು, ದೇವರನ್ನು ನಂಬುತ್ತೇನೆ, ಅವನು ಹಾಗೆ ಮಾಡುತ್ತಾನೆಂಬುದನ್ನು ನಂಬುವುದಿಲ್ಲ ಎಂದದ್ದು. ಕಲ್ಲು ಆರಿಸುವ ಮಾತನ್ನೂ ಬಿಡಲಿಲ್ಲ. ಸೊಲ್ಲಾಪುರದ ಹಿರಿಯರು ಎದ್ದು “ಪುರೇ, ಪುರೇ” ಎಂದರು, ಸಾಕು ಸಾಕು ಎಂದು. ನಾನು ಕೂರಲಿಲ್ಲ.

ಆಗ ಹೆಂಗಸರ ಚಾಪೆಯಿಂದ ಅವ್ವನ ದನಿ ಬಂತು.

“ಒಂದ ಮಾತ ಬಿಟ್ಟಿ.”

“ಯಾವ್ದವ್ವಾ?”

“ಕಡೀದು. ಅವತ್ತು ನೀ ಅತ್ಲಾಗ ಹೊಳ್ಳಿದಿ, ನೀ ಕೇಳಲೇ ಇಲ್ಲ. ನಾಳೆ ಪಾಳಕ್ರನ್ನ ಹೊರಗ ನಿಲ್ಲಿಸಿದ್ರೂ, ಅವ್ರ ಹುಡಿಗೀನ್ನ ನಿಲ್ಲಿಸಿದ್ರೂ, ನಾ ಹಿಂಗ ‘ಇಲ್ಲ’ ಅಂತೀನಿ ಅಂತ ಹೇಳಿದ್ದೆ. ಅದನ್ನ ಹೇಳು.”

ನಾನು ಪಾಳಕರ ಕಡೆ ತಿರುಗಿ ಅದನ್ನು ಮರಾಠಿಯಲ್ಲಿ ಹೇಳಿದೆ. ಪಾಳಕರು ಮೇಜಿನ ಅಂಚು ಹಿಡಿದು ನಿಂತರು. ಆಮೇಲೆ ತಟ್ಟೆ ಎತ್ತಿಕೊಂಡು ಸಾಲಿನಲ್ಲಿ ಹೊರಟರು. ಅವ್ವನ ಮುಂದೆ ಬಂದು ನಿಂತರು. ಕೊಡುತ್ತಾರೆಂದೇ ನಾನು ತಿಳಿದೆ. ಅವ್ವನೂ ತಲೆ ಎತ್ತಿದಳು. ಅವರು ನಿಂತೇ ಇದ್ದರು, ಆಮೇಲೆ ಮುಂದೆ ಹೋದರು. ನನ್ನ ಹತ್ತಿರ ಬಂದಾಗ ನಾನು ಕೈ ಚಾಚಲಿಲ್ಲ.

ಮೈಂದರ್ಗಿಯ ಬಸ್ಸಿನಲ್ಲಿ ಅವ್ವನ ಪಕ್ಕದಲ್ಲಿ ಕೂತೆ. “ಅವ್ವಾ, ತಪ್ಪ ಮಾಡಿದೆ” ಎಂದೆ.

“ಮಾಡಿದಿ” ಎಂದಳು. ಸಮಾಧಾನ ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ನಾಳೆ ಸೊಲ್ಲಾಪುರದ ಚಾಳಿನಾಗ ನಿಮ್ಮಣ್ಣನ ಮನಿಗೆ ಹೋಗು. ಅವನ ಮುಂದೂ ಹಿಂಗ ನಿಂತು ಹೇಳು” ಎಂದಳು.

ಹೋದೆ. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ, ಆಮೇಲೆ ಒಳಗೆ ಕರೆದ. ತರಬೇತಿಗೆ ಬೇರೊಬ್ಬ ಹುಡುಗ ಹೋದ. ನಾನು ಟಾವೆಲ್ಲಿನ ಅಂಗಡಿಯೊಂದರಲ್ಲಿ ಗುಮಾಸ್ತನಾದೆ. ಅವ್ವ ಬದುಕಿದ್ದಷ್ಟು ಕಾಲ ಆರಾಧನೆ ತಪ್ಪಿಸಲಿಲ್ಲ, ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗಲೂ ಇಲ್ಲ. ಬೇರೆಯವರು ಮಾಡಿದ ರೊಟ್ಟಿ ಅವಳ ಮುಂದೆ ಹಾದು ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದಳು. ಅದನ್ನು ತಿನ್ನದೆಯೇ ಸತ್ತಳು. ಹಾಗೆ ಸತ್ತವಳನ್ನು ದೇವರು ಹೊರಗೆ ನಿಲ್ಲಿಸಿದ್ದಾನೆಂದು ಯಾವ ಪಾಳಕರಾದರೂ ನನಗೆ ಹೇಳಿದರೆ, ನಾನೂ ಅಲ್ಲೇ ಹೊರಗೆ, ಅವಳ ಚಾಪೆಯ ಮೇಲೆ ಕೂರುತ್ತೇನೆ.